ಶಿಮ್ಲಾಕ್ಕೆ ಹೊರಟಿರುವ ನೆಂಟರಿಷ್ಟರಿಗೆ

ಪ್ರೀತಿಯ ನೆಂಟರೇ, ಗೆಳೆಯರೇ, ಗೆಳೆಯರ ಗೆಳೆಯರೇ,

 

ಶಿವರಾತ್ರಿ ಕಳೆದು ಮಕ್ಕಳ ಪರೀಕ್ಷೆಯ ವೇಳಾಪಟ್ಟಿ ಕೈಗೆ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಬೆಂಗಳೂರಿನಿಂದ, ಹಾಸನದಿಂದ, ದಾವಣಗೆರೆಯಿಂದ ಕರೆಗಳು ಬರುತ್ತವೆ. ಕೇಳುವವರು ಬೇರೆಯಾದರೂ ಮಾತು ಒಂದೇ: ‘ನೀವು ಶಿಮ್ಲಾದಲ್ಲಿ ಇದ್ದವರಲ್ವಾ, ಐದು ದಿನಕ್ಕೆ ಒಂದು ಪ್ಲ್ಯಾನ್ ಹಾಕಿಕೊಡಿ.’ ಯಜಮಾನರ ಕೇಂದ್ರ ಸರ್ಕಾರದ ನೌಕರಿಯಿಂದಾಗಿ 2012ರಿಂದ ಒಂಬತ್ತು ವರ್ಷ ನಾವು ಅಲ್ಲಿನ ಸಂಜೌಲಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಹಾಗಾಗಿ ನನ್ನನ್ನು ಕೇಳುವುದು ಸಹಜ. ಕೇಳಿದ್ದಕ್ಕೆ ನನಗೆ ಸಂತೋಷವೂ ಇದೆ. ಆದರೆ ಒಬ್ಬೊಬ್ಬರಿಗೂ ಅವಸರದಲ್ಲಿ ಅರ್ಧಂಬರ್ಧ ಹೇಳುವಾಗ ಮುಖ್ಯವಾದ ಮಾತೇ ಉಳಿದುಹೋಗುತ್ತದೆ. ಈ ಸಲ ಎಲ್ಲರಿಗೂ ಸೇರಿಸಿ, ಕೂತು ಬರೆಯುತ್ತಿದ್ದೇನೆ.

ನೀವು ಕಳಿಸುವ ಪಟ್ಟಿ ನನಗೆ ಬಾಯಿಪಾಠವಾಗಿದೆ. ಮೇ ಎರಡನೇ ವಾರ ಹೊರಡುವುದು. ಒಂದು ದಿನ ಶಿಮ್ಲಾ, ಮರುದಿನ ಬೆಳಿಗ್ಗೆ ಕುಫ್ರಿಯಲ್ಲಿ ಕುದುರೆ ಸವಾರಿ, ಅಲ್ಲಿಂದ ಮನಾಲಿಗೆ ಎರಡು ದಿನ, ಹಿಮ ನೋಡಲೇಬೇಕು, ವಾಪಸು ಚಂಡೀಗಢ. ಇದರಲ್ಲಿ ಮೂರನ್ನು ಬದಲಿಸಿ ಎಂದು ಕೇಳಿಕೊಳ್ಳಲು ಈ ಪತ್ರ. ಹೋಗುವ ತಿಂಗಳು ಬದಲಿಸಿ. ಎರಡು ಊರಿನ ಬದಲು ಒಂದೇ ಊರಿಗೆ ಹೋಗಿ. ಬಾಡಿಗೆ ಕೊಟ್ಟ ಕೋಣೆಗೆ ಹೋಗುವಂತೆ ಹೋಗಬೇಡಿ, ನೆಂಟರ ಮನೆಗೆ ಹೋಗುವಂತೆ ಹೋಗಿ.

ಕೊನೆಯದನ್ನು ಯಾಕೆ ಹೇಳುತ್ತೇನೆಂದರೆ, ನಾನು ಸಕಲೇಶಪುರದ ಕಡೆಯವಳು. ನಮ್ಮಲ್ಲಿ ಮನೆಗೆ ಬಂದವರು ಜಗಲಿಯಲ್ಲಿ ಕೂರುವ ಮೊದಲೇ ಬೆಲ್ಲ, ನೀರು ಬರುತ್ತದೆ. ಬಂದವರು ಯಾರು, ಯಾಕೆ ಬಂದರು ಎಂಬ ಮಾತೆಲ್ಲ ಆಮೇಲೆ. ಹಾಗೆ ನೀರು ಕೊಡುವುದು ಎಷ್ಟು ದೊಡ್ಡ ಕೆಲಸ ಎಂಬುದು ನನಗೆ ಅರ್ಥವಾದದ್ದು ಶಿಮ್ಲಾದಲ್ಲಿ, 2018ರ ಬೇಸಿಗೆಯಲ್ಲಿ.

ಅದರ ಹಿಂದಿನ ಚಳಿಗಾಲದಲ್ಲಿ ಹಿಮ ಸರಿಯಾಗಿ ಬಿದ್ದಿರಲಿಲ್ಲ. ಬೆಟ್ಟದ ಬುಡದಲ್ಲಿರುವ ಹಳ್ಳಗಳೇ ಶಿಮ್ಲಾಕ್ಕೆ ಆಗ ನೀರಿನ ಮುಖ್ಯ ಮೂಲ. ಖಡ್ಡ್ ಎನ್ನುತ್ತಾರೆ ಅವಕ್ಕೆ. ಮೇ ಕೊನೆಗೆ ಅವು ಸೊರಗಿದವು. ದಿನಕ್ಕೆ 4 ಕೋಟಿ ಲೀಟರಿಗೂ ಹೆಚ್ಚು ನೀರು ಬೇಕಾದ ಊರಿಗೆ ಸುಮಾರು ಅರ್ಧದಷ್ಟು ಮಾತ್ರ ಬರತೊಡಗಿತು. ಕೆಲವು ಬಡಾವಣೆಗಳಲ್ಲಿ ವಾರ ಕಳೆದರೂ ನಲ್ಲಿಯಲ್ಲಿ ಹನಿಯಿಲ್ಲ. ನಮ್ಮ ಊರುಗಳಲ್ಲಿ ನೀರುಗಂಟಿ ಇರುವ ಹಾಗೆ ಅಲ್ಲಿ ಕೀಮ್ಯಾನ್ ಇರುತ್ತಾನೆ. ಅವನ ಹಿಂದೆ ಜನ ಓಡಾಡುವುದು, ರಾತ್ರಿ ಟ್ಯಾಂಕರ್ ಸದ್ದಿಗೆ ಎದ್ದು ಕೊಡ ಹಿಡಿದು ಓಡುವುದು, ಬಾವ್ಡಿ ಎಂಬ ಕಲ್ಲು ಕಟ್ಟಿದ ಹಳೆಯ ಬುಗ್ಗೆಗಳ ಮುಂದೆ ಸಾಲು, ಇವನ್ನೆಲ್ಲ ಕಂಡೆ. ಹೈಕೋರ್ಟ್ ಒಂದು ವಾರ ಕಟ್ಟಡದ ಕೆಲಸ, ಕಾರು ತೊಳೆಯುವುದು ಎರಡನ್ನೂ ನಿಲ್ಲಿಸಿತು. ಪ್ರತಿ ಜೂನಿನ ಬೇಸಿಗೆ ಉತ್ಸವವನ್ನು ಮುಂದೂಡಿದರು. ದಯವಿಟ್ಟು ಈಗ ನಮ್ಮೂರಿಗೆ ಬರಬೇಡಿ ಎಂದು ಊರಿನ ಜನರೇ ಹೊರಗಿನವರನ್ನು ಬೇಡಿಕೊಂಡರು. ಪ್ರವಾಸಿಗರಿಂದ ಬದುಕುವ ಊರು ಹಾಗೆ ಬಾಯಿಬಿಟ್ಟು ಹೇಳಬೇಕಾದರೆ ಒಳಗೆ ಎಷ್ಟು ನೊಂದಿರಬೇಕು!

ಆ ವಾರವೇ ನಮ್ಮ ಮೈದುನ, ವಾರಗಿತ್ತಿ, ಮಕ್ಕಳು ಬಂದಿಳಿದರು. ತಿಂಗಳುಗಳ ಹಿಂದೆಯೇ ಟಿಕೆಟ್ ಮಾಡಿಸಿದ್ದರು, ಅವರನ್ನು ದೂರುವಂತಿಲ್ಲ. ಇಳಿದುಕೊಂಡ ಹೋಟೆಲಿಗೆ ಟ್ಯಾಂಕರ್ ನೀರು ಬರುತ್ತಿದ್ದುದರಿಂದ ಕೊರತೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮರುದಿನ ನಮ್ಮ ಮನೆಗೆ ಊಟಕ್ಕೆ ಬಂದರು. ಮೇಲಿನ ಮನೆಯಲ್ಲಿ ಮನೆಯೊಡತಿ ಅಜ್ಜಿ ಇದ್ದರು, ಎಪ್ಪತ್ತು ದಾಟಿದವರು. ಮೆಟ್ಟಿಲ ಮೇಲೆ ಮಕ್ಕಳ ಸದ್ದು ಕೇಳಿ ಮೊಮ್ಮಗನ ಕೈಲಿ ಒಂದು ಬಕೆಟ್ ನೀರು ಕೊಟ್ಟು ಕೆಳಗೆ ಕಳಿಸಿದರು. ‘ದೂರದಿಂದ ಬಂದಿದ್ದಾರೆ ಮಗಳೇ, ಕೈಕಾಲು ತೊಳೆಯಲಿ’ ಎಂದರು. ಅವರ ಮನೆಯಲ್ಲಿ ಅಂದು ಇದ್ದದ್ದು ಮೂರೇ ಬಕೆಟ್ ಎಂಬುದು ನನಗೆ ಗೊತ್ತಿತ್ತು, ಹಿಂದಿನ ರಾತ್ರಿ ಸಾಲಿನಲ್ಲಿ ನಾವಿಬ್ಬರೂ ಜೊತೆಗೇ ನಿಂತಿದ್ದೆವಲ್ಲ. ವಾರಗಿತ್ತಿಗೆ ವಿಷಯ ಹೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಅವತ್ತು ರಾತ್ರಿ ಹೋಟೆಲಿನಲ್ಲಿ ಮಕ್ಕಳಿಗೆ ಷವರ್ ಮುಟ್ಟಬೇಡಿ ಎಂದು ಹೇಳಿ, ನಾಲ್ಕು ಜನ ಎರಡು ಬಕೆಟ್‌ನಲ್ಲಿ ಮುಗಿಸಿದರಂತೆ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಕುಡಿಯುವ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಐನೂರು ಮೀಟರಿನಷ್ಟು ಮೇಲೇರಿ ಬರುತ್ತದೆ. ಶಿಮ್ಲಾಕ್ಕೆ ಗುಮ್ಮಾದಿಂದ ಬರುವ ನೀರು ಸಾವಿರ ಮೀಟರಿಗೂ ಹೆಚ್ಚು ಎತ್ತರ ಹತ್ತಬೇಕು. ಬ್ರಿಟಿಷರ ಕಾಲದಲ್ಲಿ ಶುರುವಾದ ವ್ಯವಸ್ಥೆ ಅದು. 2011ರ ಜನಗಣತಿಯ ಹೊತ್ತಿಗೇ ಊರಿನಲ್ಲಿ ಸುಮಾರು 1.7 ಲಕ್ಷ ಜನರಿದ್ದರು. ಅವರ ಮೇಲೆ ಮೇ, ಜೂನ್‌ನಲ್ಲಿ ನಾವೆಲ್ಲ ಹೋಗಿ ಕೂರುತ್ತೇವೆ, ಹಳ್ಳಗಳು ತೀರ ಬಡವಾಗಿರುವ ತಿಂಗಳುಗಳಲ್ಲೇ. 2018ರ ನಂತರ ಸರಬರಾಜು ಸುಧಾರಿಸಿದೆ, ನಿಜ. ಆದರೂ ಅಲ್ಲಿನ ನೀರು ಬೆಟ್ಟ ಹತ್ತಿಯೇ ಬರಬೇಕು.

ಆದ್ದರಿಂದ ಮೊದಲ ಬೇಡಿಕೆ ತಿಂಗಳಿನದು. ಬೇಸಿಗೆ ರಜೆ ಬಿಟ್ಟು ದಸರಾ ರಜೆಗೆ ಹೋಗಿ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಬೇಸಿಗೆಯ ದೂಳಿನಲ್ಲಿ ಕಾಣದ ಹಿಮಶಿಖರಗಳು ಉತ್ತರ ದಿಕ್ಕಿನಲ್ಲಿ ಬೆಳಗಿನ ಬಿಸಿಲಿಗೆ ಸಾಲಾಗಿ ಕಾಣುತ್ತವೆ. ಹಗಲು ಹಿತವಾದ ಬಿಸಿಲು, ರಾತ್ರಿ 10 ಡಿಗ್ರಿಯ ಆಸುಪಾಸು. ಹಳ್ಳಗಳಲ್ಲಿ ನೀರಿರುತ್ತದೆ. ಅದು ಆಗದಿದ್ದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಹೋಗಿ. ದೇವದಾರು ಮರಗಳ ನಡುವೆ ಬುರಾಂಶ್ ಹೂ ಕೆಂಪಗೆ ಅರಳಿರುತ್ತದೆ. ಹಿಮ ಬೀಳುವುದನ್ನೇ ನೋಡಬೇಕೆಂಬ ಆಸೆಯಿದ್ದರೆ ಜನವರಿ, ಫೆಬ್ರವರಿಯಲ್ಲಿ ಹೋಗಿ ಅದೃಷ್ಟ ನೋಡಬೇಕು. ಮೇ ತಿಂಗಳಲ್ಲಿ ಶಿಮ್ಲಾದಲ್ಲಿ ಹಿಮ ಇರುವುದಿಲ್ಲ. ಎಷ್ಟೋ ಮಕ್ಕಳು ಟೋಪಿ, ಕೈಗವಸು ಹಾಕಿಕೊಂಡು ಬಂದು ಮುಖ ಸಣ್ಣ ಮಾಡಿಕೊಂಡದ್ದನ್ನು ನೋಡಿದ್ದೇನೆ.

ಜುಲೈ, ಆಗಸ್ಟ್ ಮಾತ್ರ ಬೇಡವೇ ಬೇಡ. ಬಾಡಿಗೆ ಕಡಿಮೆ ಎಂದು ಯಾರು ಆಸೆ ತೋರಿಸಿದರೂ ಒಪ್ಪಬೇಡಿ. 2023ರ ಆಗಸ್ಟ್ 14, ಶ್ರಾವಣ ಸೋಮವಾರ. ಶಿಮ್ಲಾದ ಸಮರ್ ಹಿಲ್‌ನ ಶಿವ ಬಾವ್ಡಿ ಗುಡಿಯಲ್ಲಿ ಬೆಳಗಿನ ಪೂಜೆಗೆ ಸೇರಿದ್ದವರ ಮೇಲೆ ಗುಡ್ಡ ಜರಿದು 20 ಜನ ತೀರಿಕೊಂಡರು. ಅಲ್ಲೇ ಹತ್ತಿರ ರೈಲುಹಳಿಯ ಅಡಿಯ ಮಣ್ಣು ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ತೂಗಾಡಿತು. ನಾವು ಆಗ ಊರಿಗೆ ವಾಪಸಾಗಿದ್ದೆವು. ಸಂಜೆ ನಡೆಯಲು ಹೋಗುತ್ತಿದ್ದ ದಾರಿಯನ್ನು ಟಿವಿಯಲ್ಲಿ ಗುರುತಿಸಲಾಗದೆ ಕೂತಿದ್ದೆ. 2018ರ ಆಗಸ್ಟಿನಲ್ಲಿ ಕೊಡಗು ಕುಸಿದದ್ದನ್ನು, 2024ರ ಜುಲೈನಲ್ಲಿ ಶಿರೂರಿನ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದನ್ನು ಕಂಡವರು ನಾವು. ಮಳೆಗಾಲದ ಗುಡ್ಡ ಏನೆಂದು ನಮಗೆ ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ.

ಎರಡನೆಯದು ಒಂದೇ ಊರಿನ ಮಾತು. ಶಿಮ್ಲಾದಿಂದ ಮನಾಲಿ ಸುಮಾರು 250 ಕಿಲೋಮೀಟರ್. ನಕ್ಷೆಯಲ್ಲಿ ಬೆಂಗಳೂರಿನಿಂದ ಚಿಕ್ಕಮಗಳೂರಿನಷ್ಟು ಕಾಣುತ್ತದೆ. ಆದರೆ ಅದು ಶಿರಾಡಿ ಘಾಟಿಯನ್ನು ಬೆಳಗಿನಿಂದ ಸಂಜೆಯವರೆಗೆ ಹತ್ತಿಳಿಯುವಂಥ ದಾರಿ. ಐದು ದಿನದಲ್ಲಿ ಎರಡೂ ಊರು ಎಂದರೆ ಮಕ್ಕಳಿಗೆ ನೆನಪುಳಿಯುವುದು ಕಾರಿನ ಕಿಟಕಿ, ಹೊಟ್ಟೆ ತೊಳಸಿದ್ದು, ಅಷ್ಟೇ. ಮನಾಲಿಗೆ ಇನ್ನೊಮ್ಮೆ ಹೋಗಿ, ಅದನ್ನು ಅದಕ್ಕಾಗಿಯೇ ಹೋಗಿ ನೋಡಬೇಕು. ಈ ಸಲದ ನಾಲ್ಕು ಹಗಲನ್ನು ಶಿಮ್ಲಾಕ್ಕೇ ಕೊಡಿ.

ಮೊದಲ ಹಗಲು ರೈಲಿನದು. ಚಂಡೀಗಢದ ತನಕ ವಿಮಾನವೋ, ದೆಹಲಿಯ ತನಕ ರೈಲೋ, ಹೇಗಾದರೂ ಬನ್ನಿ. ಕಾಲ್ಕಾದಿಂದ ಮೇಲಕ್ಕೆ ಮಾತ್ರ ಪುಟ್ಟ ರೈಲಿನಲ್ಲೇ ಹೋಗಿ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಆ ದಿನವೇ ಕಾದು ಕೂತು ಮಾಡಿಸಿ. 1903ರಲ್ಲಿ ಓಡಾಟ ಶುರುವಾದ ಈ ಹಳಿಗಳ ನಡುವಿನ ಅಗಲ ಎರಡೂವರೆ ಅಡಿ. 656 ಮೀಟರ್ ಎತ್ತರದ ಕಾಲ್ಕಾದಿಂದ 2,076 ಮೀಟರಿನ ಶಿಮ್ಲಾ ನಿಲ್ದಾಣಕ್ಕೆ 96 ಕಿಲೋಮೀಟರ್, 102 ಸುರಂಗ, ಐದೂವರೆ ಗಂಟೆಯ ದಾರಿ. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾರಿಗಿಂತ ನಿಧಾನ, ನಿಜ. ಆ ನಿಧಾನದಲ್ಲೇ ಕಿವಿ, ಉಸಿರು, ತಲೆ ಎಲ್ಲವೂ ಎತ್ತರಕ್ಕೆ ಹೊಂದಿಕೊಳ್ಳುತ್ತವೆ. ಮಕ್ಕಳು ಸುರಂಗ ಎಣಿಸುತ್ತಾರೆ, ಕೆಳಗೆ ಚೀಡ್ ಎಂಬ ಪೈನ್ ಮರಗಳಿದ್ದವು ಮೇಲೆ ಬಂದಂತೆ ದೇವದಾರು ಆಗುವುದನ್ನು ದೊಡ್ಡವರು ನೋಡುತ್ತಾರೆ.

ಬಡೋಗ್ ನಿಲ್ದಾಣದ ಬಳಿ ಒಂದು ಕಿಲೋಮೀಟರಿಗೂ ಉದ್ದದ ಸುರಂಗವಿದೆ. ಅದರ ಕಥೆಯನ್ನು ಅಲ್ಲಿಯವರು ಹೀಗೆ ಹೇಳುತ್ತಾರೆ: ಬಡೋಗ್ ಎಂಬ ಎಂಜಿನಿಯರ್ ಎರಡೂ ಕಡೆಯಿಂದ ಕೊರೆಸಿದ ಸುರಂಗ ನಡುವೆ ಸೇರಲೇ ಇಲ್ಲ. ಸರ್ಕಾರ ಒಂದು ರೂಪಾಯಿ ದಂಡ ಹಾಕಿತು. ಅವಮಾನ ತಾಳದೆ ಆತ ಪ್ರಾಣ ಬಿಟ್ಟ. ಆಮೇಲೆ ಹಳ್ಳಿಯೊಂದರ ಸಾಧು ಭಲ್ಕು ಕೋಲಿನಿಂದ ಬಂಡೆ ತಟ್ಟುತ್ತ, ಸದ್ದು ಆಲಿಸುತ್ತ ದಾರಿ ತೋರಿಸಿದ. ಶಿಮ್ಲಾದ ರೈಲು ವಸ್ತು ಸಂಗ್ರಹಾಲಯಕ್ಕೆ ಇಟ್ಟಿರುವುದು ಬಾಬಾ ಭಲ್ಕುವಿನ ಹೆಸರನ್ನೇ. ಬೆಟ್ಟದ ಮೇಲೆ ಕಾಲಿಡುವ ಮೊದಲು ಬೆಟ್ಟ ಬಲ್ಲವರನ್ನು ಕೇಳಬೇಕು ಎಂದು ನಾನು ಹೇಳುವುದಕ್ಕಿಂತ ಈ ಕಥೆ ಚೆನ್ನಾಗಿ ಹೇಳುತ್ತದೆ.

ಎರಡನೇ ಹಗಲು ನಡಿಗೆಯದು. ಮಾಲ್ ರಸ್ತೆಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ, ಮೊಮ್ಮಕ್ಕಳ ಕೈ ಬಿಟ್ಟು ನಿಶ್ಚಿಂತೆಯಿಂದ ನಡೆಯಬಹುದು. ಅಲ್ಲಿಂದ ಮೇಲೆ ಹತ್ತಿದರೆ ರಿಡ್ಜ್ ಎಂಬ ಬಯಲು. ಒಂದು ಕೊನೆಯಲ್ಲಿ ಹಳದಿ ಬಣ್ಣದ ಚರ್ಚು, ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಜಾಗ. ಫೋಟೊ ತೆಗೆಸಿಕೊಂಡ ಮೇಲೆ ಒಂದು ಗಳಿಗೆ ನಿಂತ ನೆಲ ನೋಡಿ. ಆ ಬಯಲಿನ ಅಡಿಯಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ, ಲಕ್ಷಾಂತರ ಲೀಟರ್ ಹಿಡಿಯುವ ನೀರಿನ ತೊಟ್ಟಿಯಿದೆ. ಊರಿನ ಕುಡಿಯುವ ನೀರು ನಿಮ್ಮ ಕಾಲಡಿಯಲ್ಲೇ ಇರುತ್ತದೆ. ಇನ್ನೊಂದು ಸಂಗತಿ, ಅದೇ ಏಣಿನ ಒಂದು ಪಕ್ಕಕ್ಕೆ ಬಿದ್ದ ಮಳೆ ಸಟ್ಲೆಜ್ ಸೇರಿ ಸಿಂಧುವಿನ ಜೊತೆ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಪಕ್ಕದ್ದು ಯಮುನೆ, ಗಂಗೆಯ ಮೂಲಕ ಬಂಗಾಳ ಕೊಲ್ಲಿಗೆ. ನಮ್ಮ ಬಿಸಿಲೆ ಘಾಟಿಯ ಮಂಕನಹಳ್ಳಿಯಲ್ಲೂ ಮಳೆ ಹೀಗೆಯೇ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಮೊದಲ ಸಲ ಇದನ್ನು ಕೇಳಿದ ದಿನ ಸಂಜೌಲಿ ನನಗೆ ಪರಊರು ಅನ್ನಿಸಲಿಲ್ಲ.

ಮೂರನೇ ಹಗಲು ಚೌಡಾ ಮೈದಾನದ ಕಡೆ ನಡೆಯುತ್ತ ವೈಸ್‌ರೀಗಲ್ ಲಾಡ್ಜ್ ನೋಡಿ. 1888ರಲ್ಲಿ ವೈಸ್‌ರಾಯ್‌ಗೆಂದು ಕಟ್ಟಿ ಮುಗಿಸಿದ ಕಲ್ಲಿನ ಅರಮನೆ. 1945ರ ಶಿಮ್ಲಾ ಸಮ್ಮೇಳನ ನಡೆದದ್ದು ಇಲ್ಲೇ. ಸ್ವಾತಂತ್ರ್ಯದ ನಂತರ ಇದನ್ನು ರಾಷ್ಟ್ರಪತಿಗಳ ಬೇಸಿಗೆ ಮನೆಯಾಗಿ ಇಟ್ಟುಕೊಳ್ಳದೆ ಓದು, ಚಿಂತನೆಗೆ ಬಿಟ್ಟುಕೊಟ್ಟವರು ಸರ್ವಪಲ್ಲಿ ರಾಧಾಕೃಷ್ಣನ್. 1965ರಲ್ಲಿ ಇಲ್ಲಿ ಭಾರತೀಯ ಉನ್ನತ ಅಧ್ಯಯನ ಸಂಸ್ಥೆ ಶುರುವಾಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿ, ಹೊರಡುವ ದಿನ ಶಿಷ್ಯರು ಹೂವಿನ ಗಾಡಿಯಲ್ಲಿ ಕೂರಿಸಿ ತಾವೇ ಎಳೆದುಕೊಂಡು ಸ್ಟೇಷನ್ನಿಗೆ ಕರೆದೊಯ್ದರಲ್ಲ, ಅದೇ ಮೇಷ್ಟ್ರು ಈ ರಾಧಾಕೃಷ್ಣನ್. ಆ ಪುಸ್ತಕಗಳ ಮನೆಯ ಮುಂದೆ ನಿಂತು ಮಕ್ಕಳಿಗೆ ಈ ಕಥೆ ಹೇಳಿ.

ನಾಲ್ಕನೇ ಹಗಲು ಅವರವರ ಮನಸ್ಸಿಗೆ ಬಿಟ್ಟದ್ದು. ಕಾಡು ನೋಡುವವರು ಮಶೋಬ್ರಾಕ್ಕೆ ಹೋಗಿ. ಆಂಜನೇಯನ ಭಕ್ತರು ಜಾಖೂ ಹತ್ತಿ, ಸಂಜೀವಿನಿ ತರಲು ಹೊರಟ ಹನುಮಂತ ದಣಿವಾರಿಸಿಕೊಂಡ ಬೆಟ್ಟವೆಂದು ಅಲ್ಲಿನ ನಂಬಿಕೆ. ಕನ್ನಡಕವನ್ನು ಕಡ್ಡಾಯವಾಗಿ ತೆಗೆದು ಜೇಬಿನೊಳಗೆ ಇಡಿ, ಅಲ್ಲಿನ ಕೋತಿಗಳು ಮೊದಲು ಕೈಹಾಕುವುದು ಅದಕ್ಕೇ. ಮಂಡಿನೋವಿನವರಿಗೆ ರೋಪ್‌ವೇ ಇದೆ. ಕುಫ್ರಿಯ ಕುದುರೆ ಸವಾರಿಯನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಅಷ್ಟು ಕುದುರೆಗಳ ಗೊರಸಿನಡಿ ಅಲ್ಲಿನ ಕಾಡಿನ ನೆಲ ಕೆಸರಾಗಿ ದೇವದಾರು ಸಸಿ ಏಳಲು ಜಾಗವಿಲ್ಲದಂತಾಗಿದೆ.

ಮೂರನೆಯದು ನೆಂಟರ ನಡವಳಿಕೆ. ಕೋಣೆ ಹಿಡಿಯುವ ಮೊದಲು ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ವಾಹನ ಓಡಾಡುವ ಕಾರ್ಟ್ ರೋಡಿನಿಂದ ಎಷ್ಟು ಮೆಟ್ಟಿಲು, ನೀರು ಎಲ್ಲಿಂದ. ಮೊದಲನೆಯದು ಮನೆಯ ಹಿರಿಯರಿಗಾಗಿ. ಅಲ್ಲಿ ಒಂದು ಬೀದಿಯಿಂದ ಇನ್ನೊಂದಕ್ಕೆ ನೂರಾರು ಮೆಟ್ಟಿಲಿರುತ್ತವೆ, ಎಲ್ಲ ಕಡೆ ಲಿಫ್ಟ್ ಸಿಗುವುದಿಲ್ಲ. ಎರಡನೆಯದನ್ನು ಕೇಳುವವರು ಹೆಚ್ಚಾದರೆ ಮಳೆನೀರು ಹಿಡಿದಿಡುವ ಮನೆಗಳೂ ಹೆಚ್ಚುತ್ತವೆ. ಸ್ನಾನಕ್ಕೆ ಒಬ್ಬರಿಗೆ ಒಂದು ಬಕೆಟ್ ಸಾಕು. ಟವೆಲು, ಹೊದಿಕೆ ದಿನಾ ಬದಲಿಸುವುದು ಬೇಡವೆಂದು ಹೇಳಿ. ಮನೆಯಿಂದಲೇ ಸ್ಟೀಲ್ ಬಾಟಲಿ ಒಯ್ಯಿರಿ. ಚಕ್ಕುಲಿ, ನಿಪ್ಪಟ್ಟು, ಚಟ್ನಿಪುಡಿ ಖಂಡಿತ ಕಟ್ಟಿಕೊಳ್ಳಿ, ಡಬ್ಬಿಯಲ್ಲಿ ಕಟ್ಟಿಕೊಳ್ಳಿ. ಹಿಮಾಚಲದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಿದೆ, ಮೇಲಿಂದ ಎಸೆದದ್ದು ಕೆಳಗಿನ ಖಡ್ಡ್‌ಗೆ ಹೋಗಿ ಅದೇ ನೀರು ಮತ್ತೆ ಮೇಲೆ ಬರುತ್ತದೆ.

ಸ್ಟೇಷನ್ನಿನಲ್ಲಿ ನಿಮ್ಮ ಪೆಟ್ಟಿಗೆಗಳನ್ನು ಬೆನ್ನ ಮೇಲೆ ಹಗ್ಗ ಬಿಗಿದು ಹೊರುವವರಲ್ಲಿ ಹೆಚ್ಚಿನವರು ಕಾಶ್ಮೀರದಿಂದ ದುಡಿಯಲು ಬಂದವರು. ಆ ಮೆಟ್ಟಿಲುಗಳನ್ನು ಬರಿಗೈಯಲ್ಲಿ ಹತ್ತಿಯೇ ನಿಮಗೆ ಏದುಸಿರು ಬರುತ್ತದೆ. ಕೂಲಿಯಲ್ಲಿ ಚೌಕಾಶಿ ಮಾಡಬೇಡಿ, ಕೈಲಾದರೆ ಒಂದು ಚಹಾ ಜೊತೆಗೇ ಕುಡಿಯಿರಿ.

ಊಟಕ್ಕೆ ನಮ್ಮ ದೋಸೆ ಹುಡುಕಿಕೊಂಡು ಅಲೆಯಬೇಡಿ. ಸಿಡ್ಡು ಕೇಳಿ ತಿನ್ನಿ. ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟು, ಗಸಗಸೆ, ಇಲ್ಲವೇ ಉದ್ದಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದು ಕೊಡುತ್ತಾರೆ. ಮಲೆನಾಡಿನ ಕಡುಬು ತಿಂದವರಿಗೆ ಅದು ಹೊಸತೆನಿಸದು. ಮದುವೆ ಮನೆಯ ಊಟಕ್ಕೆ ಧಾಮ್ ಎನ್ನುತ್ತಾರೆ. ನಮ್ಮ ಹಾಗೆಯೇ ಪಂಕ್ತಿಯಲ್ಲಿ ನೆಲದ ಮೇಲೆ ಕೂತು, ಎಲೆಯ ಮೇಲೆ ಉಣ್ಣುವುದು. ಯಾರಾದರೂ ಕರೆದರೆ ಸಂಕೋಚಪಡದೆ ಹೋಗಿ.

ಇಷ್ಟು ಬರೆದದ್ದು ನಿಮ್ಮನ್ನು ತಡೆಯಲಿಕ್ಕಲ್ಲ. ನೀವು ಹೋಗಬೇಕು. ಸಂಜೆ ದೇವದಾರು ಕಾಡಿನ ಮೇಲೆ ಮಂಜು ಇಳಿಯುವುದನ್ನು ನಿಮ್ಮ ಮಕ್ಕಳು ನೋಡಬೇಕು. ಶನಿವಾರ, ಭಾನುವಾರ ನಮ್ಮ ಸಕಲೇಶಪುರದ ದಾರಿಗಳಲ್ಲಿ ಸಾಲುಗಟ್ಟುವ ಕಾರುಗಳನ್ನು ಕಂಡು ನಮ್ಮವರು ಏನೆಂದುಕೊಳ್ಳುತ್ತಾರೆಂದು ನನಗೆ ಗೊತ್ತಿದೆ. ಅಲ್ಲಿಯವರು ನಮ್ಮ ಬಗ್ಗೆ ಹಾಗೆ ಅಂದುಕೊಳ್ಳುವಂತಾಗಬಾರದು.

ಕೊನೆಗೆ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಯಾರು ಈ ದಸರಾ ರಜೆಗೆ ಹೊರಡುತ್ತೀರೋ ಅವರು ಹೋಗುವ ಮೊದಲು ನಮ್ಮ ಮನೆಗೆ ಬಂದುಹೋಗಿ. ಮಂಡ್ಯದ ಅಚ್ಚು ಬೆಲ್ಲ ಎರಡು ಕೆಜಿ ಕಟ್ಟಿಕೊಡುತ್ತೇನೆ. ಸಂಜೌಲಿಯ ಆ ಅಜ್ಜಿಗೆ ಈಗ ಮೆಟ್ಟಿಲು ಇಳಿಯಲು ಆಗುವುದಿಲ್ಲವಂತೆ, ನೀವೇ ಹತ್ತಿ ಹೋಗಿ ಕೈಗೆ ಕೊಡಿ. ಅವರು ಮೊದಲು ನೀರು ಕೊಡುತ್ತಾರೆ. ಲೋಟದಲ್ಲಿ ಒಂದು ಹನಿಯೂ ಉಳಿಸದೆ ಕುಡಿಯಿರಿ.

ಇಂತಿ,
ಶಿಮ್ಲಾದಲ್ಲಿ ಒಂಬತ್ತು ವರ್ಷ ಸಂಸಾರ ಮಾಡಿದ
ನಿಮ್ಮೂರ ಹೆಣ್ಣುಮಗಳು